ಕಾದು ಹೊಡೆಯುವವನು

ಆಟ ಆಡುವವರು ಕೆಲವರು, ನೋಡುವವರು ಹಲವರು. ಆಟ ಮುಗಿದ ಮೇಲೆ ಅದನ್ನು ಕುರಿತು ವಾದಿಸುವವರು ಇವರೆಲ್ಲರಿಗಿಂತಲೂ ಹೆಚ್ಚು. ಈ ಮೂರನೆಯ ವರ್ಗದವರನ್ನು ಹಗುರವಾಗಿ ಕಾಣುವುದು ವಿದ್ಯಾವಂತರಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ಅದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಬಯಲಾಟದ ಮರುದಿನ ಕಟ್ಟೆಯ ಮೇಲೆ ಕುಳಿತು ಭಾಗವತರ ಪದವನ್ನೂ ವೇಷಧಾರಿಯ ಅರ್ಥವನ್ನೂ ತೂಗಿ ನೋಡುವ ಜನರಿರುವುದರಿಂದಲೇ ಯಕ್ಷಗಾನ ನಮ್ಮ ಕರಾವಳಿಯಲ್ಲಿ ಇಷ್ಟು ಕಾಲ ಬಾಳಿತು. ಕ್ರಿಕೆಟ್ಟಿನ ಹರಟೆಯಲ್ಲಿಯೂ ಅಂಥ ತೂಕದ ಮಾತುಗಳಿರುತ್ತವೆ. ಕೇಳುವ ಕಿವಿ ಬೇಕು, ಅಷ್ಟೆ.

ಕಾರವಾರದ ಎದುರು ದಂಡೆಯಲ್ಲಿ, ಕಾಳೀ ನದಿ ಸಮುದ್ರವನ್ನು ಸೇರುವಲ್ಲಿ, ಸದಾಶಿವಗಡದ ಗುಡ್ಡದಿಂದ ಆಚೆಗೆ ಚಾಚಿಕೊಂಡಿರುವ ಮರಳಿನ ನೆಲವೇ ದೇವಬಾಗ. ಗಾಳಿಮರಗಳ ತೋಪು, ಅದರ ಮುಂದೆ ದಂಡೆ, ದಂಡೆಯಾಚೆ ನೀರಿನಲ್ಲಿ ಕೂರ್ಮಗಡ. ಸಂಜೆಯ ಇಳಿತಕ್ಕೆ ಒದ್ದೆ ಮರಳು ಗಟ್ಟಿಯಾಯಿತೆಂದರೆ ಹುಡುಗರು ಮೂರು ಕೋಲು ನೆಟ್ಟು ಟೆನಿಸ್ ಚೆಂಡಿನ ಆಟ ಹೂಡುತ್ತಾರೆ. ಈ ಅಂಗಣದ ನಿಯಮ ಲಾರ್ಡ್ಸ್ ಮೈದಾನದ ಪುಸ್ತಕದಲ್ಲಿ ಸಿಗುವಂಥದಲ್ಲ. ಚೆಂಡು ನೇರವಾಗಿ ನೀರಿಗೆ ಬಿದ್ದರೆ ಹೊಡೆದವನು ಔಟ್. ಈಸಿ ಹೋಗಿ ಅದನ್ನು ತರಬೇಕಾದವನೂ ಅವನೇ. ಸಮುದ್ರವನ್ನೇ ಕ್ಷೇತ್ರರಕ್ಷಕನನ್ನಾಗಿ ನಿಲ್ಲಿಸಿದ ಈ ನಿಯಮದಲ್ಲಿ ಒಂದು ವಿವೇಕವಿದೆ. ಬಲವಿದೆಯೆಂದು ಎತ್ತೆತ್ತಲೋ ಬೀಸುವವನಿಗೆ ಇಲ್ಲಿ ಉಳಿಗಾಲವಿಲ್ಲ.

ಈ ಊರಿನ ಅಭಿಮಾನದ ಕಥೆಯೂ ಸ್ವಲ್ಪ ವಿಚಿತ್ರವಾದುದು. ಮನೆಯ ಮಾತು ಹೆಚ್ಚಾಗಿ ಕೊಂಕಣಿ, ಶಾಲೆಯದು ಕನ್ನಡ. ಗೋವೆಯ ಗಡಿ ಕೂಗಳತೆಯಲ್ಲಿದೆ, ಬೆಂಗಳೂರಾದರೋ ಐನೂರು ಕಿಲೋಮೀಟರಿಗಿಂತ ದೂರ. 1956ರ ನವೆಂಬರ್ 1ರ ವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದುಡಿಮೆಗಾಗಿ ಆ ನಗರಕ್ಕೆ ಹೋದವರು ಮನೆಮನೆಯಲ್ಲಿದ್ದರು. ಆ ತಲೆಮಾರಿನವರ ಮನಸ್ಸು ಮುಂಬಯಿಯ ತಂಡದ ಕಡೆಗೆ ವಾಲಿದ್ದರೆ ಆಶ್ಚರ್ಯವಿಲ್ಲ. 1958-59ರಿಂದ ಹದಿನೈದು ವರ್ಷ ಒಂದೇ ಸಮನೆ ರಣಜಿ ಪಾರಿತೋಷಕವನ್ನು ಗೆದ್ದ ತಂಡವದು. ಆ ಸರಪಳಿಯನ್ನು 1974ರಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಕಡಿದವರು ಕರ್ನಾಟಕದವರು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳು, ಪ್ರಸನ್ನರ ಬೌಲಿಂಗ್. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗಿನ್ನೂ ಆರು ತಿಂಗಳೂ ತುಂಬಿರಲಿಲ್ಲ. ಇಂದಿನ ಹುಡುಗರಿಗೆ ಇದೆಲ್ಲ ಅಜ್ಜಂದಿರ ಪುರಾಣ. ಅವರ ತಂಡ ರಾಯಲ್ ಚಾಲೆಂಜರ್ಸ್ ಬೆಂಗಳೂರು. ಅವರ ಮಂತ್ರ ‘ಈ ಸಲ ಕಪ್ ನಮ್ದೇ’.

2025ರ ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಆ ದಂಡೆಯಲ್ಲಿ ನಡೆದ ವಾದವೇ ಈ ಲೇಖನಕ್ಕೆ ಕಾರಣ. ಆಟ ಮುಗಿಸಿ ಬಂದ ಒಬ್ಬ ತರುಣ, ಬಲೆ ನೇಯುತ್ತ ಕುಳಿತಿದ್ದ ಹಿರಿಯರ ಬಳಿ ನಿಂತು, “ಮಾಮ, ಮತ್ತೆ ಕಪ್ ಗೆಲ್ಲಬೇಕಾದರೆ ಗೇಲ್‌ನಂಥವನೊಬ್ಬ ಬೇಕು. ಅಂಥವನೊಬ್ಬನಿದ್ದರೆ ಉಳಿದ ಹತ್ತು ಮಂದಿ ಸುಮ್ಮನೆ ನಿಂತರೂ ಸಾಕು” ಎಂದ. ಹಿರಿಯರು ತಲೆಯೆತ್ತಲಿಲ್ಲ. “ಅವನಿದ್ದಾಗ ಕಪ್ ಎಲ್ಲಿತ್ತು ತಮ್ಮಾ?” ಎಂದರು. ಸುತ್ತ ನಿಂತವರು ನಕ್ಕರು. ತರುಣ ಮಾತ್ರ ಸೋಲಲಿಲ್ಲ. ಕತ್ತಲಾಗುವವರೆಗೆ ಮಾತು ನಡೆಯಿತು, ಅರ್ಧ ಕನ್ನಡದಲ್ಲಿ, ಅರ್ಧ ಕೊಂಕಣಿಯಲ್ಲಿ. ಅದರಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಭಾರಿ ಹೊಡೆತಗಾರನ ವಿದ್ಯೆ ಎಂಥದು? ಆ ವಿದ್ಯೆಯಿಂದ ತಂಡಕ್ಕೆ ಭವಿಷ್ಯ ಸಿದ್ಧಿಸುತ್ತದೆಯೇ?

ಮೊದಲ ಪ್ರಶ್ನೆಗೆ ಜನಸಾಮಾನ್ಯರ ಉತ್ತರ ಸರಳವಾಗಿದೆ: ತೋಳಬಲ. ಕ್ರಿಸ್ ಗೇಲರ ಆಕಾರವನ್ನು ಕಂಡವರು ಹಾಗೆ ಹೇಳಿದರೆ ತಪ್ಪಿಲ್ಲ. ಆದರೆ ಲೆಕ್ಕ ಬೇರೊಂದು ಕಥೆಯನ್ನು ಹೇಳುತ್ತದೆ. 2013ರ ಏಪ್ರಿಲ್ 23ರಂದು ಬೆಂಗಳೂರಿನಲ್ಲಿ ಪುಣೆಯ ತಂಡದ ವಿರುದ್ಧ ಅವರು 66 ಎಸೆತಗಳಲ್ಲಿ 175 ರನ್ನು ಹೊಡೆದು ಔಟಾಗದೆ ಉಳಿದರು. ಶತಕಕ್ಕೆ ಹಿಡಿದ ಎಸೆತಗಳು ಮೂವತ್ತು ಮಾತ್ರ. ಬೌಂಡರಿಗಳು 13, ಸಿಕ್ಸರುಗಳು 17; ಎಂದರೆ ಮೂವತ್ತು ಚೆಂಡುಗಳಿಂದ 154 ರನ್ನು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಉಳಿದ 36 ಚೆಂಡುಗಳ ಗತಿಯೇನು? ಅವುಗಳಿಂದ ಬಂದದ್ದು 21 ರನ್ನು ಮಾತ್ರ. ಅವೆಲ್ಲ ಒಂಟಿ ರನ್ನುಗಳೆಂದೇ ಹಿಡಿದರೂ ಕನಿಷ್ಠ ಹದಿನೈದು ಎಸೆತಗಳಿಗೆ ಏನೂ ಬರಲಿಲ್ಲವೆಂದಾಯಿತು. ಆ ಮಾದರಿಯ ಆಟ ಕಂಡ ಅತ್ಯಂತ ಉಗ್ರವಾದ ಇನ್ನಿಂಗ್ಸಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಎಸೆತಗಳನ್ನು ಹೊಡೆತಗಾರ ಹೊಡೆಯಲಿಲ್ಲ, ಅಥವಾ ಹೊಡೆಯಲಾಗಲಿಲ್ಲ. ಅವನು ಕಾದ. ತನ್ನ ಚೆಂಡು ಬಂದಾಗ ಮಾತ್ರ ಕರುಣೆ ತೋರಲಿಲ್ಲ.

ವೇಗದ ಬೌಲರ್ ಬಿಟ್ಟ ಚೆಂಡು ದಾಂಡಿಗನನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಅಷ್ಟರೊಳಗೆ ಇದು ನನ್ನದೋ ಅಲ್ಲವೋ ಎಂಬ ತೀರ್ಪು ಆಗಬೇಕು, ಆಮೇಲೆ ದಾಂಡು ತಿರುಗಬೇಕು. ಗೇಲ್ ಓಡಾಡಿ ಹೊಡೆಯುವವರಲ್ಲ. ತಲೆಯನ್ನು ಅಲುಗಿಸದೆ, ಮುಂಗಾಲನ್ನು ದಾರಿಯಿಂದ ಸರಿಸಿ, ನಿಂತಲ್ಲಿಯೇ ದಾಂಡು ಬೀಸುವವರು. ಆ ನಿಶ್ಚಲತೆಯನ್ನು ಕೆಲವರು ಸೋಮಾರಿತನವೆಂದು ಬಗೆದರು. ಅದು ಕಣ್ಣಿಗೆ ಹೆಚ್ಚು ಹೊತ್ತು ಕೊಡುವ ಉಪಾಯವೆಂದು ನನ್ನ ಅಭಿಪ್ರಾಯ.

ಈ ಕಾಯುವಿಕೆಯ ಶಾಸ್ತ್ರವನ್ನು ನಮಗಿಂತ ಮೊದಲೇ ಬರೆದಿಟ್ಟವರು ಅಮೆರಿಕದವರು. ಅವರ ಬೇಸ್‌ಬಾಲ್ ಆಟದಲ್ಲಿ ದಾಂಡು ದುಂಡಗಿನ ದೊಣ್ಣೆ; ಹೊಡೆಯಬಹುದಾದ ಮೂರು ಚೆಂಡುಗಳನ್ನು ತಪ್ಪಿಸಿಕೊಂಡರೆ ಔಟ್; ಹೊಡೆಯಲು ಯೋಗ್ಯವಲ್ಲದ ನಾಲ್ಕು ಚೆಂಡುಗಳನ್ನು ಬಿಟ್ಟುಬಿಟ್ಟರೆ ಮೊದಲ ಠಾಣೆಗೆ ಪುಕ್ಕಟೆ ನಡಿಗೆ. ಅಲ್ಲಿನ ಬೇಬ್ ರೂತ್ ತನ್ನ ಜೀವಮಾನದಲ್ಲಿ 714 ಬಾರಿ ಚೆಂಡನ್ನು ಅಂಗಣದಾಚೆಗೆ ಅಟ್ಟಿದವನು. 1,330 ಬಾರಿ ಬೀಸಿಯೂ ಬಿಟ್ಟೂ ಔಟಾದ. ಚೆಂಡುಗಳನ್ನು ಬಿಟ್ಟು ಪುಕ್ಕಟೆ ನಡೆದದ್ದಾದರೋ 2,062 ಬಾರಿ! ಬಾಸ್ಟನ್ ತಂಡದ ಟೆಡ್ ವಿಲಿಯಮ್ಸ್ ಇನ್ನೂ ಮುಂದೆ ಹೋದರು. ದಾಂಡಿಗನ ಎದುರಿನ ಅವಕಾಶವನ್ನು ಅಡ್ಡಕ್ಕೆ ಏಳು, ಎತ್ತರಕ್ಕೆ ಹನ್ನೊಂದು, ಒಟ್ಟು 77 ಚೆಂಡುಗಳ ಚಿತ್ರವಾಗಿ ಬರೆದು, ಯಾವ ಮೂಲೆಯ ಚೆಂಡನ್ನು ಹೊಡೆದರೆ ತನಗೆ ಎಷ್ಟು ಫಲವೆಂದು ಅಂಕಿ ಹಾಕಿದರು. ನಡುಭಾಗದ ಚೆಂಡಿಗೆ ಸಾವಿರದಲ್ಲಿ ನಾನೂರು. ಹೊರಗಿನ ತಳಮೂಲೆಯದಕ್ಕೆ ಇನ್ನೂರ ಮೂವತ್ತು. ಒಳ್ಳೆಯ ಚೆಂಡು ಬರುವವರೆಗೆ ಕಾಯಬೇಕೆಂಬುದೇ ಅವರ ಶಾಸ್ತ್ರದ ಮೊದಲ ಸೂತ್ರ. 1941ರ ಋತುವಿನಲ್ಲಿ ಸಾವಿರಕ್ಕೆ 406ರ ಸರಾಸರಿ ಸಾಧಿಸಿದವರ ಮಾತು ಅದು. ಮುಂದೆ ಬ್ಯಾರಿ ಬಾಂಡ್ಸ್ ಕಾಲಕ್ಕೆ ಎಸೆಯುವವರೇ ಹೆದರಿದರು. 2004ರಲ್ಲಿ ಆತನಿಗೆ 232 ಪುಕ್ಕಟೆ ನಡಿಗೆಗಳು ದೊರೆತವು. ಅವುಗಳಲ್ಲಿ 120 ಎದುರಾಳಿಗಳು ಬೇಕೆಂದೇ ಕೊಟ್ಟವು. ಹುಲಿಗೆ ಆಹಾರವನ್ನೇ ಹಾಕದೆ ಪಂಜರದ ಬಾಗಿಲು ತೆರೆದು ಕಳಿಸಿದ ಹಾಗೆ.

ಕ್ರಿಕೆಟ್ಟಿನಲ್ಲಿ ಈ ಸೌಲಭ್ಯವಿಲ್ಲ. ಐದು ದಿನಗಳ ಆಟದಲ್ಲಿ ನೂರು ಎಸೆತಗಳನ್ನು ಬಿಟ್ಟರೂ ಕೇಳುವವರಿಲ್ಲ. ಇಪ್ಪತ್ತು ಓವರುಗಳ ಆಟದಲ್ಲಿ ತಂಡಕ್ಕೆ ಸಿಗುವುದೇ 120 ಎಸೆತ. ಹೊಡೆತಗಾರ ಬಿಟ್ಟ ಪ್ರತಿಯೊಂದು ಚೆಂಡೂ ಜೊತೆಗಾರನ ಪಾಲಿನಿಂದ ಕಳೆದದ್ದು. ಆದ್ದರಿಂದ ಇಲ್ಲಿ ಕಾಯುವುದು ಸಾಲ ಮಾಡಿದಂತೆ, ಬಡ್ಡಿ ಸಮೇತ ತೀರಿಸಬೇಕು. ತೀರಿಸುವ ಮೊದಲೇ ಔಟಾದರೆ ಜನ ‘ಚೆಂಡು ತಿಂದ’ ಎನ್ನುತ್ತಾರೆ. ಮೊದಲ ಚೆಂಡಿಗೇ ಬೀಸಿ ಔಟಾದರೆ ‘ದುಡುಕಿದ’ ಎನ್ನುತ್ತಾರೆ. ಇವೆರಡರ ನಡುವಿನ ಎಳೆಯ ಮೇಲೆ ನಡೆಯುವವನ ಕಷ್ಟ ಗ್ಯಾಲರಿಯಲ್ಲಿ ಕುಳಿತವರಿಗೆ ತಿಳಿಯದು.

ಈ ಅಪವಾದವನ್ನು ಹೊತ್ತವರಲ್ಲಿ ನಮ್ಮ ಕರಾವಳಿಯವರೇ ಒಬ್ಬರಿದ್ದರು. ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿಸಾಗರ ಕೃಷ್ಣಪ್ಪ ಕುಂದರನ್. ದೇವಬಾಗದ ಹುಡುಗರಲ್ಲಿ ಈ ಹೆಸರು ಕೇಳಿದವರು ಅಂದು ಒಬ್ಬರೂ ಇರಲಿಲ್ಲ. ಅದಕ್ಕಾಗಿ ಎರಡು ಮಾತು ಹೆಚ್ಚಾಗಿ ಬರೆದರೆ ವಾಚಕರು ಬೇಸರಿಸಬಾರದು. ಕುಂದರನ್ ವಿಕೆಟ್ ಕೀಪರ್. ಜನರು ಸಾಧಾರಣವಾಗಿ ರಣಜಿ ಆಡಿ ಟೆಸ್ಟಿಗೆ ಏರುತ್ತಾರೆ. ಇವರು 1960ರ ಜನವರಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಆಡಿದ ಮೇಲೆ ರಣಜಿಗೆ ಬಂದರು, ಬಂದ ಮೊದಲ ಪಂದ್ಯದಲ್ಲಿಯೇ ರೈಲ್ವೆ ತಂಡದ ಪರವಾಗಿ ದ್ವಿಶತಕ ಹೊಡೆದರು. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಅವರಿಗೆ ಅವಕಾಶ ಸಿಕ್ಕಿದ್ದೂ ಫರೂಕ್ ಎಂಜಿನಿಯರ್ ಅಸ್ವಸ್ಥರಾದುದರಿಂದ. ಆ ಇನ್ನಿಂಗ್ಸಿನಲ್ಲಿ 192. ಡ್ರಾಗಳಲ್ಲಿಯೇ ಮುಗಿದುಹೋದ ಆ ಐದು ಟೆಸ್ಟುಗಳ ನಿದ್ದೆಗಣ್ಣಿನ ಸರಣಿಯಲ್ಲಿ ಅವರು 525 ರನ್ನು ಸೇರಿಸಿದರು. ಅಂದಿನ ಹಿರಿಯರಿಗೆ ದಾಂಡನ್ನು ಎತ್ತಿ ಬೀಸುವುದೆಂದರೆ ಸಭೆಯಲ್ಲಿ ಗಟ್ಟಿಯಾಗಿ ನಕ್ಕಂತೆ. ಕುಂದರನ್ ಗಟ್ಟಿಯಾಗಿಯೇ ನಕ್ಕರು. 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಭಾರತದ ಪರವಾಗಿ ಬ್ಯಾಟಿಂಗನ್ನೂ ಬೌಲಿಂಗನ್ನೂ ಆರಂಭಿಸಿದ ವಿಚಿತ್ರವೂ ಅವರ ಪಾಲಿಗೆ ಬಂತು. ಒಟ್ಟು 18 ಟೆಸ್ಟುಗಳಾದ ಮೇಲೆ ಅವಕಾಶ ಸಿಗಲಿಲ್ಲ. ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದರು, ಆ ದೇಶದ ಪರವಾಗಿಯೂ ಆಡಿದರು. 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಇಂದಿನ ಹರಾಜಿನಲ್ಲಿ ಅಂಥ ಆಟಗಾರನಿಗೆ ಎಷ್ಟು ಬೆಲೆ ಬರುತ್ತಿತ್ತೆಂದು ಊಹಿಸುವ ಆಸೆಯನ್ನು ತಡೆಯುವುದು ಕಷ್ಟ.

ಅದೇ ಕರಾವಳಿಯ ಸುರತ್ಕಲ್ಲಿನಲ್ಲಿ ಬೆಳೆದವರು ಕೆ. ಎಲ್. ರಾಹುಲ್. 2025ರ ಏಪ್ರಿಲ್ 10ರಂದು ದೆಹಲಿಯ ಪರವಾಗಿ ಬೆಂಗಳೂರಿಗೆ ಬಂದು, ನಾಲ್ಕು ವಿಕೆಟ್ ಬಿದ್ದ ಕಷ್ಟದಲ್ಲಿ ಮೊದಲು ತಾಳ್ಮೆಯಿಂದ ನಿಂತು, ಅನಂತರ ಕೈಬಿಚ್ಚಿ, 93 ರನ್ನಿನೊಡನೆ ಔಟಾಗದೆ ಬೆಂಗಳೂರನ್ನು ಸೋಲಿಸಿದರು. ಗೆದ್ದ ಮೇಲೆ ದಾಂಡಿನಿಂದ ನೆಲದಲ್ಲಿ ಒಂದು ವೃತ್ತ ಬರೆದು, ಇದು ನನ್ನ ನೆಲವೆಂಬಂತೆ ದಾಂಡನ್ನು ಊರಿದರು. ‘ಕಾಂತಾರ’ ಚಿತ್ರದ ನೆನಪಿನಿಂದ ಹಾಗೆ ಮಾಡಿದೆನೆಂದೂ ಹೇಳಿದರು. ಅಂದು ಕರಾವಳಿಯ ಅಭಿಮಾನಿಗಳಿಗೆ ಯಾರ ಕಡೆ ಅಳಬೇಕು, ಯಾರ ಕಡೆ ನಗಬೇಕೆಂದು ತಿಳಿಯದೆ ಹೋಯಿತಂತೆ. ‘ನಮ್ಮ ತಂಡ’ ಎಂಬ ಮಾತಿನಲ್ಲಿ ‘ನಮ್ಮ’ ಎಂಬುದರ ಅರ್ಥವೇನೆಂದು ಅಂದು ಅನೇಕರು ಯೋಚಿಸಿರಬೇಕು.

ಇನ್ನು ಎರಡನೆಯ ಪ್ರಶ್ನೆ. ಗೇಲ್ 175 ಹೊಡೆದ ದಿನ ಬೆಂಗಳೂರು 263 ರನ್ನು ಮಾಡಿ 130ರಿಂದ ಗೆದ್ದಿತು. ಆ ವರ್ಷ ತಂಡ ಮುಟ್ಟಿದ್ದು ಐದನೆಯ ಸ್ಥಾನ. ಮುಂದಿನ ಸುತ್ತಿಗೂ ಹೋಗಲಿಲ್ಲ. ಸರಿಯಾಗಿ ನಾಲ್ಕು ವರ್ಷಗಳ ಮೇಲೆ, 2017ರ ಏಪ್ರಿಲ್ 23ರಂದೇ, ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದ ತಂಡ ಕಲ್ಕತ್ತೆಯಲ್ಲಿ 49 ರನ್ನಿಗೆ ಸಂಪೂರ್ಣ ಉರುಳಿತು. ಒಬ್ಬನಾದರೂ ಎರಡಂಕಿ ಮುಟ್ಟಲಿಲ್ಲ. ಪಂಚಾಂಗ ನಂಬುವವರು ಏಪ್ರಿಲ್ 23ನ್ನು ಏನೆಂದು ಕರೆಯಬೇಕು? 2016ರಲ್ಲಿ ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ನು ಹೊಡೆದರು. ಅಂತಿಮ ಪಂದ್ಯದಲ್ಲಿ ಗೇಲ್ 38 ಎಸೆತಗಳಲ್ಲಿ 76 ಹೊಡೆದರು. ಸ್ವಂತ ಅಂಗಣದಲ್ಲಿಯೇ ಹೈದರಾಬಾದಿಗೆ ಎಂಟು ರನ್ನುಗಳಿಂದ ಸೋತರು. 2009ರ ಅಂತಿಮ ಪಂದ್ಯದಲ್ಲಿ ನಾಯಕ ಕುಂಬ್ಳೆಯವರು ಹದಿನಾರು ರನ್ನಿಗೆ ನಾಲ್ಕು ವಿಕೆಟ್ ಕಿತ್ತರೂ ಸೋಲು ತಪ್ಪಲಿಲ್ಲ. ಅಂತರ ಆರು ರನ್ನು. ಬಾಸ್ಟನ್ನಿನ ಕಥೆಯೂ ಇದಕ್ಕಿಂತ ಭಿನ್ನವಲ್ಲ. ರೂತ್‌ನನ್ನು ನ್ಯೂಯಾರ್ಕಿಗೆ ಮಾರಿದ ಆ ತಂಡ 1918ರ ಅನಂತರ 2004ರ ವರೆಗೆ 86 ವರ್ಷ ಕಾಯಿತು. ನಡುವೆ ಟೆಡ್ ವಿಲಿಯಮ್ಸ್ ತಮ್ಮ ಆಟದ ಆಯುಷ್ಯವನ್ನೆಲ್ಲ ಅಲ್ಲಿಯೇ ಕಳೆದರು, ಕಪ್ ಕಾಣಲಿಲ್ಲ. ಬಾಂಡ್ಸ್ ಸಹ ಕಾಣಲಿಲ್ಲ.

ಬೆಂಗಳೂರಿನ ಹೆಸರಿಗೆ ಮೊದಲು ಕಪ್ ತಂದವರು ಹೆಣ್ಣುಮಕ್ಕಳು, 2024ರ ಮಾರ್ಚಿನಲ್ಲಿ, ಸ್ಮೃತಿ ಮಂಧಾನಾ ನಾಯಕತ್ವದಲ್ಲಿ. ಗಂಡಸರ ಸರದಿ ಹದಿನೆಂಟನೆಯ ವರ್ಷಕ್ಕೆ, 2025ರ ಜೂನ್ 3ರಂದು. ಆ ಇಡೀ ಋತುವಿನಲ್ಲಿ ಬೆಂಗಳೂರಿನ ಒಬ್ಬ ದಾಂಡಿಗನೂ ಶತಕ ಹೊಡೆಯಲಿಲ್ಲವೆಂಬುದನ್ನು ಗಮನಿಸಬೇಕು. ಅತಿ ಹೆಚ್ಚಿನದು ಜಿತೇಶ್ ಶರ್ಮಾ ಲಖನೌದಲ್ಲಿ 33 ಎಸೆತಗಳಲ್ಲಿ ಹೊಡೆದ 85. ಅಂದು 228 ರನ್ನು ಬೆನ್ನಟ್ಟಬೇಕಾಗಿತ್ತು. ಆ ತುದಿಯಲ್ಲಿ ಜಿತೇಶ್ ಸಿಡಿಯುತ್ತಿದ್ದಾಗ ಈ ತುದಿಯಲ್ಲಿ ನಿಂತವರು ನಮ್ಮ ಮಯಾಂಕ್ ಅಗರ್‌ವಾಲ್. ಗಾಯಗೊಂಡ ದೇವದತ್ತ ಪಡಿಕ್ಕಲರ ಬದಲಿಗೆ ನಡುವೆ ಕರೆಸಿಕೊಂಡವರು. ಚೆನ್ನೈ ವಿರುದ್ಧ ಒಮ್ಮೆ ರೊಮಾರಿಯೋ ಶೆಪರ್ಡ್ 14 ಎಸೆತಗಳಲ್ಲಿ 53 ಹೊಡೆದದ್ದೂ ಇದೇ ಋತುವಿನಲ್ಲಿ. ಗೆಲವು ಎರಡೇ ರನ್ನಿನಿಂದ. ಹೀಗೆ ಒಂದು ದಿನ ಒಬ್ಬ, ಇನ್ನೊಂದು ದಿನ ಇನ್ನೊಬ್ಬ. ಲೀಗಿನಲ್ಲಿ ಪರಸ್ಥಳದ ಏಳು ಪಂದ್ಯಗಳನ್ನೂ ಗೆದ್ದದ್ದು ಇಂಥ ಹಂಚಿಕೆಯ ದುಡಿಮೆಯಿಂದ.

ದಂಡೆಯ ಹಿರಿಯರು ಈ ವಿಷಯವನ್ನು ಬೇರೆ ರೀತಿಯಾಗಿ ಹೇಳಿದರು. ಅವರು ಚಿಕ್ಕವರಿದ್ದಾಗ ರಂಪಣಿ ಎಳೆದವರು. ಪರ್ಸೀನ್ ದೋಣಿಗಳು ಬರುವುದಕ್ಕೆ ಮುಂಚೆ ಈ ಕರಾವಳಿಯ ದೊಡ್ಡ ಬಲೆಯೆಂದರೆ ರಂಪಣಿ. ನೀರಿನ ಬಣ್ಣ ತಿರುಗಿದ್ದನ್ನೂ ಹಕ್ಕಿಗಳು ಎರಗುವುದನ್ನೂ ನೋಡುತ್ತ ಒಬ್ಬ ಕಣ್ಣಾಳು ದಂಡೆಯ ಮೇಲೆ ಗಂಟೆಗಟ್ಟಲೆ ಕಾಯಬೇಕು. ಬಂಗಡೆಯ ಹಿಂಡು ಕಂಡಿತೆಂದು ಅವನು ಕೂಗಿದ ಕೂಡಲೆ ದೋಣಿ ಬಲೆಯನ್ನು ಬಿಡುತ್ತ ಬಿಲ್ಲಿನಂತೆ ಸುತ್ತಿ ಬರಬೇಕು. ಆಮೇಲೆ ಊರಿನವರು ಹತ್ತಾರು ಮಂದಿ ಎರಡು ತುದಿಗಳನ್ನು ಹಿಡಿದು ಎಳೆಯಬೇಕು. “ಕಣ್ಣಾಳು ಎಷ್ಟೇ ಚತುರನಿರಲಿ, ಒಂದು ಕಡೆಯ ಹಗ್ಗ ಸಡಿಲವಾದರೆ ಮೀನು ಸಮುದ್ರದ್ದೇ” ಎಂದರು. ತರುಣ ಒಪ್ಪಲಿಲ್ಲ. “ಕಣ್ಣಾಳಿಲ್ಲದೆ ಹಗ್ಗ ಎಳೆದರೆ ಬರುವುದು ಪಾಚಿ ಮಾಮ” ಎಂದ. ಇಬ್ಬರ ಮಾತೂ ನಿಜ.

ಅಹಮದಾಬಾದಿನ ಅಂತಿಮ ಪಂದ್ಯವೂ ಇಬ್ಬರಿಗೂ ಸಾಕ್ಷ್ಯ ಒದಗಿಸುತ್ತದೆ. ಬೆಂಗಳೂರಿನ 190ರಲ್ಲಿ ಅರ್ಧಶತಕ ಒಂದೂ ಇಲ್ಲ. ಕೊಹ್ಲಿಯವರ 43ರದೇ ದೊಡ್ಡ ಪಾಲು. ಪಂಜಾಬಿನ ಹೊಡೆತವನ್ನು ನಡುವಿನಲ್ಲಿ ಕಟ್ಟಿಹಾಕಿದವರು ಕೃಣಾಲ್ ಪಾಂಡ್ಯ, ನಾಲ್ಕು ಓವರುಗಳಿಗೆ 17 ರನ್ನು, ಎರಡು ವಿಕೆಟ್. ಕೊನೆಯ ಓವರಿಗೆ ಪಂಜಾಬಿಗೆ 29 ಬೇಕಾಗಿತ್ತು. ದಾಂಡು ಹಿಡಿದವರು ಶಶಾಂಕ್ ಸಿಂಗ್, ಚೆಂಡು ಹಿಡಿದವರು ಹೇಜಲ್‌ವುಡ್. ಮೊದಲ ಎರಡು ಎಸೆತಗಳಿಗೆ ರನ್ನಿಲ್ಲ. ಅನಂತರದ ನಾಲ್ಕಕ್ಕೆ ಆರು, ನಾಲ್ಕು, ಆರು, ಆರು. ಶಶಾಂಕ್ 30 ಎಸೆತಗಳಲ್ಲಿ 61 ಹೊಡೆದು ಔಟಾಗದೆ ಸೋತರು. ಬೆಂಗಳೂರು ಗೆದ್ದದ್ದು ಆರು ರನ್ನುಗಳಿಂದ, 2009ರಲ್ಲಿ ಸೋತ ಅಂತರದಿಂದಲೇ.

ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಪ್ಪನ್ನೂ ಆಟಗಾರರನ್ನೂ ಕಣ್ತುಂಬ ನೋಡಬೇಕೆಂದು ಸೇರಿದ ಜನಸಾಗರದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ತರುಣರು. ದೇವಬಾಗದ ಹುಡುಗರಿಗೆ ಐನೂರು ಕಿಲೋಮೀಟರ್ ದೂರವೇ ಅಂದು ಕಾವಲಾಯಿತು. ಹತ್ತಿರವಿದ್ದಿದ್ದರೆ ನಾವೂ ಹೋಗುತ್ತಿದ್ದೆವೆಂದು ಆ ತರುಣನೇ ಹೇಳಿದ. ಆಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆಮೇಲೆ ವಾದ ಮತ್ತೆ ಎದ್ದಿತು, ಈ ಸಲ ಆ ಎರಡು ಎಸೆತಗಳ ಮೇಲೆ. ಶಶಾಂಕ್ ಅವನ್ನು ಹೊಡೆಯಬಹುದಾಗಿತ್ತೆಂದು ಒಂದು ಪಕ್ಷ. ಯಾರಿಂದಲೂ ಹೊಡೆಯಲಾಗದಂತೆ ಹೇಜಲ್‌ವುಡ್ ಎಸೆದನೆಂದು ಇನ್ನೊಂದು. ಗೇಲ್ ಆಗಿದ್ದರೆ ಏನು ಮಾಡುತ್ತಿದ್ದನೆಂದು ಒಬ್ಬ ಚಿಕ್ಕ ಹುಡುಗ ಕೇಳಿದ. ಬಿಡುತ್ತಿದ್ದ ಎಂದರು ಹಿರಿಯರು. ಎರಡನ್ನೂ ಕೂರ್ಮಗಡಕ್ಕೆ ಮುಟ್ಟಿಸುತ್ತಿದ್ದ ಎಂದ ತರುಣ.